ರಾಕೆಟ್ಟಿನ ಹಿಟ್ಟು ಕೆತ್ತುವ ಚಿಕ್ಕಮ್ಮ

ಅಕ್ಕನ ಮಗಳು ಗುಬ್ಬಿ ಇನ್ನೂ ತೊಟ್ಟಿಲಲ್ಲಿದ್ದಾಗ ಕೊಟ್ಟ ಮಾತು ಅದು. ತೊಟ್ಟಿಲಿನ ಈ ಕಡೆ ಅಕ್ಕ, ಆ ಕಡೆ ತಂಗಿ. ಅಕ್ಕನ ಗಂಡ ಕಾರ್ಖಾನೆಯ ಶೆಡ್ಡಿನಲ್ಲಿ ತೀರಿಕೊಂಡು ತಿಂಗಳೂ ತುಂಬಿರಲಿಲ್ಲ. "ಭಾವನ ಜಾಗಕ್ಕೆ ನಾನು ಹೋಗ್ತೀನಿ. ಆದರೆ ಈ ಮನೆಯಿಂದ ಆ ಶೆಡ್ಡಿನ ಬಾಗಿಲು ದಾಟೋಳು ನಾನೇ ಕೊನೆ. ಈ ಕೂಸನ್ನ ಅಲ್ಲಿಗೆ ಬಿಡಲ್ಲ ಅಕ್ಕ, ನನ್ನಾಣೆ" ಎಂದಿದ್ದರು ತಂಗಿ. ತೂಗುತ್ತಿದ್ದ ಅಕ್ಕನ ಕೈ ಒಂದು ಕ್ಷಣ ನಿಂತಿತ್ತು, ಅಷ್ಟೆ.

ಆ ತಂಗಿಯ ತಲೆ ಈಗ ನರೆತಿದೆ. ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಗುಬ್ಬಿ ಚಿಕ್ಕವಳಿದ್ದಾಗ ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತು "ಚಿಕ್ಕಮ್ಮಾ" ಎಂದು ಕೂಗಿದ್ದೇ ಕೂಗಿದ್ದು, ಕಾವಲುಗಾರನಿಂದ ಮ್ಯಾನೇಜರರ ತನಕ ಎಲ್ಲರ ಬಾಯಲ್ಲೂ ಅವರು ಚಿಕ್ಕಮ್ಮನೇ ಆಗಿಬಿಟ್ಟರು.

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ದಪ್ಪ ಗಾಜಿನ ಹಿಂದೆ ಒಂದೇ ದೀಪ. ಚಿಕ್ಕಮ್ಮ ಓಲೆ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ, ಹಿಂದೆಯೇ ಬಳೆ, ಕೂದಲ ಪಿನ್ನು. ಅಂಗಿಗೆ ಹುಕ್ಕಿಲ್ಲ, ಗುಂಡಿಯಿಲ್ಲ, ತಾವೇ ಹೊಲಿದುಕೊಂಡ ಲಾಡಿ. ಹತ್ತಿಯ ಬಟ್ಟೆ ಬಿಟ್ಟು ಬೇರೇನೂ ಮೈಮೇಲೆ ಇರುವಂತಿಲ್ಲ. ಕೂದಲನ್ನು ಒದ್ದೆ ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಾರೆ. ಬಾಗಿಲ ಪಕ್ಕ ಗೋಡೆಗೆ ಬಡಿದ ತಾಮ್ರದ ತಗಡಿದೆ. ಅದಕ್ಕೆ ಅಂಗೈ ಊರಿ ನಿಲ್ಲುತ್ತಾರೆ. ಮೈಯಲ್ಲಿ ಕಣ್ಣಿಗೆ ಕಾಣದಂತೆ ಕೂತ ಕರೆಂಟು ಅಲ್ಲಿಂದ ನೆಲಕ್ಕಿಳಿಯಬೇಕು. ಚಳಿಗಾಲದಲ್ಲಿ ಉಣ್ಣೆಯ ಅಂಗಿ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಒಳಗೆ ಅಷ್ಟೇ ಕಿಡಿ ಸಾಕು.

ಆಮೇಲೆ ಗೋಡೆಯ ಮೇಲಿನ ಮುಳ್ಳು ನೋಡುತ್ತಾರೆ. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಹೇಳುವ ಮುಳ್ಳು ಅದು. ಗಾಳಿ ಒಣಗಿದ್ದರೆ ಅವತ್ತು ಬಾಗಿಲು ತೆರೆಯುವುದಿಲ್ಲ. ಇವತ್ತು ತೇವ ಇದೆ. "ಹೂಂ" ಎನ್ನುತ್ತಾರೆ ಚಿಕ್ಕಮ್ಮ, ಯಾರಿಗೂ ಅಲ್ಲದ ಹಾಗೆ.

ಒಳಗೆ ಆಳೆತ್ತರದ ಉಕ್ಕಿನ ಕೊಳವೆ ಮಲಗಿದೆ. ರಾಕೆಟ್ಟಿನ ಪಕ್ಕಕ್ಕೆ ಕಟ್ಟುವ ಆರು ಕೊಳವೆಗಳಲ್ಲಿ ಇದೊಂದು. ಅದರ ಹೊಟ್ಟೆಯಲ್ಲಿ ತುಂಬಿರುವುದು ಘನ ಇಂಧನ. ಎಂಜಿನಿಯರುಗಳ ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿದೆ, ಕೆಲಸಗಾರರ ಬಾಯಲ್ಲಿ 'ಹಿಟ್ಟು'. ಕಲಸಿ ಸುರಿದಾಗ ಹಿಟ್ಟಿನ ಹಾಗೇ ಇರುತ್ತದೆ, ಕೆಲವು ದಿನ ಬೆಚ್ಚಗಿಟ್ಟರೆ ಪೆನ್ಸಿಲ್ ಅಳಿಸುವ ರಬ್ಬರಿನ ಹದಕ್ಕೆ ಬರುತ್ತದೆ. ಬಾಯಿಯ ಹತ್ತಿರ ಉಬ್ಬಿದ್ದನ್ನು ಕೆತ್ತಿ ನಯ ಮಾಡಬೇಕು. ಎಲ್ಲೋ ಒಂದು ಉಬ್ಬು ಉಳಿದರೆ, ಒಂದು ಬಿರುಕು ಬಿದ್ದರೆ, ಬೆಂಕಿ ಹತ್ತಿದಾಗ ಅದು ಒಂದೇ ಸಮ ಉರಿಯುವುದಿಲ್ಲ. ಹಾಗಾದರೆ ಹಾರಬೇಕಾದದ್ದು ಹಾರುವುದಿಲ್ಲ.

ಚಿಕ್ಕಮ್ಮ ಕೈಗತ್ತಿ ಎತ್ತಿಕೊಳ್ಳುತ್ತಾರೆ. ಬಾಗಿದ ಅಲಗು, ಕಲ್ಲಿಗೆ ತಾಗಿದರೂ ಕಿಡಿ ಹಾರದ ಹಳದಿ ಲೋಹ. ಅಲಗು ಹಿಟ್ಟಿನ ಮೇಲೆ ಜಾರುತ್ತದೆ, ಸುರುಳಿ ಏಳುತ್ತದೆ. ಆ ಸುರುಳಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕದ ನೀರಿನ ಬಕೆಟ್ಟಿಗೆ ಬಿಡುತ್ತಾರೆ. ಎಸೆಯುವುದಿಲ್ಲ, ಬಿಡುತ್ತಾರೆ. ಮೂಲೆಯಲ್ಲಿ ನಿಂತ ಮುದುಕನ ಕಣ್ಣು ಅವರ ಕೈಯ ಮೇಲೇ ಇದೆ. ತೆಳ್ಳಗೆ ಉದ್ದಕ್ಕೆ ಇರುವ ಆತ ನಿಂತಲ್ಲಿ ಅಲ್ಲಾಡುವುದಿಲ್ಲವಾದ್ದರಿಂದ ಎಲ್ಲರಿಗೂ ಆತ 'ಕೊಕ್ಕರೆ'. ಆತನ ಕೆಲಸ ನೋಡುವುದು ಮಾತ್ರ. ಕೈ ದಣಿಯಿತೋ, ಅಲಗು ಓರೆಯಾಯಿತೋ, ನೆಲದ ಒದ್ದೆ ಆರಿತೋ, ಕೆತ್ತುವವರಿಗೆ ಕಾಣದ್ದು ಅವನಿಗೆ ಕಾಣಬೇಕು.

ಒಳಗೆ ಯಾವಾಗಲೂ ಇಬ್ಬರೇ. ಇಬ್ಬರೇ ಏಕೆ ಎಂದು ಹೊಸಬರು ಕೇಳಿದರೆ ಕೊಕ್ಕರೆಯ ಬಳಿ ಉತ್ತರ ತಯಾರಿದೆ: "ಮೂರನೆಯವನು ಯಾಕೆ ದಂಡ ಅಂತ."

"ಭಯ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ" ಎನ್ನುತ್ತಾರೆ ಚಿಕ್ಕಮ್ಮ, ಹೊರಗೆ ಬಂದು ಕೈ ತೊಳೆಯುತ್ತಾ. "ಆಗುತ್ತೆ. ದಿನಾ ಆಗುತ್ತೆ. ಹೊಟ್ಟೆಯೊಳಗೆ ಬೆಕ್ಕಿನ ಮರಿ ಹೊರಳಾಡಿದ ಹಾಗೆ. ಯಾವತ್ತು ಆ ಮರಿ ನಿದ್ದೆ ಹೋಗುತ್ತೋ ಅವತ್ತು ನಾನು ಒಳಗೆ ಹೋಗಲ್ಲ. ಒಂದೆರಡು ಸಲ ಹಂಗೂ ಮನೆಗೆ ವಾಪಸು ಬಂದಿದೀನಿ."

ದಿನಕ್ಕೆ ಎರಡು ಗಂಟೆ ಮಾತ್ರ ಕೆತ್ತನೆ. ಅದಕ್ಕಿಂತ ಹೆಚ್ಚಾದರೆ ಕೈ ಸೋಲುತ್ತದೆ. ಉಳಿದ ಹೊತ್ತು ಅಲಗು ಮಸೆಯುವುದು, ನೆಲ ನೆನೆಸುವುದು, ಹಿಂದಿನ ದಿನದ ಸುರುಳಿಗಳನ್ನು ನೀರಿನಲ್ಲೇ ಹೊತ್ತು ಬಯಲಿನ ಹೊಂಡಕ್ಕೆ ಒಯ್ಯುವುದು. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಬಟ್ಟಲನ್ನು ಮೇಜಿನ ಮೇಲೆ ಸದ್ದಾಗದ ಹಾಗೆ ಇಡುತ್ತಾರೆ, ಬಾಗಿಲನ್ನು ಅಂಗೈ ಕೊಟ್ಟು ಮುಚ್ಚುತ್ತಾರೆ. "ನಮ್ಮ ಮನೇಲಿ ಕಳ್ಳ ಬಂದರೂ ಇಷ್ಟು ಮೆತ್ತಗೆ ನಡೆಯಲ್ಲ" ಎಂದು ಗುಬ್ಬಿ ನಗುತ್ತಾಳೆ.

ಕಂಪನಿಯ ಮುಂಬಾಗಿಲಲ್ಲಿ, ಕೆತ್ತುವ ಶೆಡ್ಡಿನಿಂದ ಬಹು ದೂರದಲ್ಲಿ, ಗಾಜಿನ ಪೆಟ್ಟಿಗೆಯೊಂದಿದೆ. ಅದರೊಳಗೆ ಚಂದ್ರನ ಮೇಲೆ ಕಟ್ಟಲಿರುವ ಗಣಿಯ ಮಾದರಿ. ಬೆರಳುಗುರಿನಷ್ಟು ಮನುಷ್ಯರು, ಕಡಲೆಯಷ್ಟು ಗಾಡಿಗಳು, ಬೂದು ಬಣ್ಣದ ಗುಡ್ಡ. ಹಣ ಹಾಕುವವರು ಬಂದಾಗ ಒಳಗೆ ಪುಟ್ಟ ದೀಪಗಳು ಹೊತ್ತಿಕೊಳ್ಳುತ್ತವೆ. ಮೊದಲು ರಾಕೆಟ್ಟು, ಆಮೇಲೆ ಗಣಿ, ಆಮೇಲೆ ಅಲ್ಲೇ ಕಾರ್ಖಾನೆ ಎಂದು ಕಂಪನಿ ಹೇಳುತ್ತಾ ಬಂದಿದೆ. ಅಲ್ಲಿಂದ ಒಂದು ಬುಟ್ಟಿ ಮಣ್ಣು ತರುವ ಖರ್ಚಿನಲ್ಲಿ ಇಲ್ಲಿ ಒಂದು ಊರು ಕಟ್ಟಬಹುದು ಎನ್ನುವವರೂ ಇದ್ದಾರೆ. ಮೊದಲ ಹಡಗು ಬಿಟ್ಟವರಿಗೂ ಜನ ಹೀಗೇ ಅಂದಿದ್ದರು ಎಂದು ಕಂಪನಿಯವರ ಉತ್ತರ.

ಶೆಡ್ಡುಗಳ ಉಸ್ತುವಾರಿಯ ಮ್ಯಾನೇಜರರು ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡವರು. ಕಣ್ಣಿನ ಕೆಳಗೆ ಕಪ್ಪು, ಜೇಬಿನಲ್ಲಿ ಹೊಟ್ಟೆ ಉರಿಯ ಮಾತ್ರೆ. "ಇದು ಆಗೋ ಹೋಗೋ ಮಾತಾ ಅಂತ ಕೇಳಿದರೆ ನಾನು ಏನು ಹೇಳಲಿ? ರಾಕೆಟ್ ಹಾರುತ್ತೆ, ಅಷ್ಟು ಗೊತ್ತು. ಗಣಿ, ಲಾಭ, ಅದೆಲ್ಲ ನನ್ನ ಮೊಮ್ಮಕ್ಕಳ ಕಾಲಕ್ಕೆ ಗೊತ್ತಾಗಬಹುದು. ಹಣ ಹಾಕಿದವರಿಗೆ ಅಷ್ಟು ತಾಳ್ಮೆ ಎಲ್ಲಿ ಸ್ವಾಮಿ?"

ಕೈಯಿಂದ ಕೆತ್ತುವುದನ್ನು ನಿಲ್ಲಿಸಬಹುದು. ಅದಕ್ಕೆಂದೇ ಯಂತ್ರವಿದೆ. ಮನುಷ್ಯರು ದೂರದ ಗೋಡೆಯ ಹಿಂದೆ ಕೂತು ಗುಂಡಿ ಒತ್ತಿದರೆ ಅದೇ ಕೆತ್ತುತ್ತದೆ. ಗುಬ್ಬಿಯ ಅಪ್ಪ ಸತ್ತ ವರ್ಷವೇ ಅದನ್ನು ತರಿಸುವುದೆಂದು ತೀರ್ಮಾನವಾಗಿತ್ತು. ಅಂದಿನಿಂದ ಅದು ಬರುತ್ತಲೇ ಇದೆ. ಒಂದು ಸಲ ಆ ಹಣ ಉಡಾವಣೆಯ ಕಟ್ಟೆಗೆ ಹೋಯಿತು, ಇನ್ನೊಂದು ಸಲ ಗಾಜಿನ ಪೆಟ್ಟಿಗೆ ತೋರಿಸುವ ದೊಡ್ಡ ಸಭೆಗೆ. "ಕೆತ್ತೋ ಮಿಷನ್ನಿಗೆ ಹಣ ಕೊಡಿ ಅಂದರೆ, ಅದು ಹಾರುತ್ತಾ ಅಂತ ಕೇಳ್ತಾರೆ" ಎಂದು ಮ್ಯಾನೇಜರರು ನಗಲು ಹೋಗಿ ಅರ್ಧದಲ್ಲೇ ನಿಲ್ಲಿಸುತ್ತಾರೆ.

ಈ ಸಲ ಹಣ ಹಾಕುವವರು ಗಡುವು ಕೊಟ್ಟಿದ್ದಾರೆ. ಬೇಸಿಗೆ ಮುಗಿಯುವುದರೊಳಗೆ ರಾಕೆಟ್ಟು ಮೇಲೇರಬೇಕು, ಇಲ್ಲವಾದರೆ ಹಣದ ನಲ್ಲಿ ಬಂದ್. ನಲ್ಲಿ ಬಂದಾದರೆ ಶೆಡ್ಡುಗಳಿಗೆ ಬೀಗ. ಆರು ಕೊಳವೆಗಳನ್ನು ಒಂದೇ ಜೋಡಿ ಕೈ ಅಷ್ಟರೊಳಗೆ ಕೆತ್ತಿ ಮುಗಿಸುವುದು ಆಗದ ಮಾತು. ಎರಡನೆಯ ಜೋಡಿ ಬೇಕು.

ಕೆತ್ತುವ ಕೆಲಸಕ್ಕೆ ಜನ ಬೇಕೆಂದು ಗೇಟಿನ ಮೇಲೆ ಬರೆದು ಅಂಟಿಸಿದಾಗ ಬಂದವರು ಮೂವರು: ಒಬ್ಬ ಬಡಗಿ, ಒಬ್ಬ ಕ್ಷೌರಿಕ, ಒಬ್ಬಳು ಹುಡುಗಿ. ಕಲಿಸುವುದು ಯಾವತ್ತೂ ಚಿಕ್ಕಮ್ಮನೇ. ಹಳೆಯ ಸಾಮಾನಿನ ಕೋಣೆಯಲ್ಲಿ 'ಸುಳ್ಳು ಹಿಟ್ಟು' ಇಟ್ಟು ಕಲಿಸುತ್ತಾರೆ. ಮುಟ್ಟಲು ಥೇಟ್ ಅದೇ, ಆದರೆ ಉರಿಯದ ಹಿಟ್ಟು. ಕೊನೆಯಲ್ಲಿ ಚಿಕ್ಕಮ್ಮ "ಕೈ ಕೂತಿದೆ" ಎಂದರೆ ಮಾತ್ರ ಒಳಗೆ ಪ್ರವೇಶ. ಎಲ್ಲೂ ಬರೆದಿಟ್ಟ ನಿಯಮವಲ್ಲ ಇದು. ಆದರೂ ಆ ಮಾತಿಲ್ಲದೆ ಒಳಗೆ ಕಾಲಿಟ್ಟವರಿಲ್ಲ.

ಮೊದಲ ದಿನ ಕೋಣೆಯ ಬಾಗಿಲು ತೆರೆದ ಚಿಕ್ಕಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಸಾಲಿನ ಕೊನೆಯಲ್ಲಿ ಓಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಗುಬ್ಬಿ ನಿಂತಿದ್ದಳು.

"ಇಲ್ಲೇನೇ ಕೆಲಸ ನಿನಗೆ?"

"ಇದೇ ಕೆಲಸ, ಚಿಕ್ಕಮ್ಮ."

ಗುಬ್ಬಿ ಅಲ್ಲಿಯವರೆಗೆ ಚಪ್ಪಲಿ ಕಾರ್ಖಾನೆಯಲ್ಲಿ ರಬ್ಬರಿನ ಅಟ್ಟೆ ಕತ್ತರಿಸುತ್ತಿದ್ದಳು. ಬಾಗಿದ ಕತ್ತಿ ಅವಳಿಗೆ ಹೊಸದಲ್ಲ. ಏಕೆ ಬಂದೆ ಎಂದು ಕೇಳಿದರೆ ಅವಳಿಗೆ ಸಿಟ್ಟೇ ಬರುತ್ತದೆ. "ಅಟ್ಟೆ ಕತ್ತರಿಸಿ ಕತ್ತರಿಸಿ ಕಳಿಸಿದೆ. ಅದನ್ನ ಮೆಟ್ಟಿಕೊಂಡೋರು ಎಲ್ಲಿಗೆ ಹೋದರು ಅಂತ ನನಗೇನು ಗೊತ್ತು? ಇದು ಎಲ್ಲಿಗೆ ಹೋಗುತ್ತೆ ಅಂತ ಊರೆಲ್ಲ ಕತ್ತೆತ್ತಿ ನೋಡುತ್ತೆ. ಅಪ್ಪ ಕೆತ್ತಿದ್ದು ಒಂದೂ ಹಾರಲಿಲ್ಲ. ಚಿಕ್ಕಮ್ಮ ಕೆತ್ತಿದ್ದು ಎಲ್ಲಾ ಹಾರಿದೆ. ನಾನು ಕೆತ್ತಿದ್ದು ಹಾರಬಾರದಾ?"

ಕ್ಷೌರಿಕ ಎರಡನೆಯ ದಿನವೇ ಕತ್ತಿ ಕೆಳಗಿಟ್ಟ. "ಕೆನ್ನೆಗೆ ಕತ್ತಿ ಇಟ್ಟರೆ ಗಿರಾಕಿ 'ಅಯ್ಯೋ' ಅಂತಾನೆ, ನನಗೆ ಗೊತ್ತಾಗುತ್ತೆ. ಇದು 'ಅಯ್ಯೋ' ಅನ್ನೋ ಹೊತ್ತಿಗೆ ಕೇಳೋಕೆ ನಾನೇ ಇರಲ್ಲ. ನಮಸ್ಕಾರ" ಎಂದು ಹೋದ. ಯಾರೂ ಅವನನ್ನು ಹೀಯಾಳಿಸಲಿಲ್ಲ. ಉಳಿದವರು ಬಡಗಿ ಮತ್ತು ಗುಬ್ಬಿ.

ಅಕ್ಕ ತಂಗಿಯರ ಮನೆ ಎರಡು ಕೋಣೆಯದು, ಮಹಡಿಯ ಮೇಲೆ. ಅಕ್ಕ ಊರವರ ಬಟ್ಟೆ ಇಸ್ತ್ರಿ ಮಾಡುತ್ತಾರೆ. ಇಸ್ತ್ರಿಯ ಮೇಜು ಇರುವುದು ಕಿಟಕಿಯ ಪಕ್ಕ, ಕಿಟಕಿಯಿಂದ ಕಾರ್ಖಾನೆಯ ಕಡೆಯ ಆಕಾಶ ಕಾಣುತ್ತದೆ. ತಂಗಿ ಒಳಗಿರುವ ಆ ಎರಡು ಗಂಟೆ ಅಕ್ಕನ ಇಸ್ತ್ರಿಪೆಟ್ಟಿಗೆ ತಣ್ಣಗಿರುತ್ತದೆ. ಬೀದಿಯಲ್ಲಿ ಗಾಡಿಯ ಟೈರು ಸಿಡಿದರೂ ಕೈಯಲ್ಲಿದ್ದದ್ದು ನೆಲಕ್ಕೆ ಬೀಳುತ್ತದೆ.

"ಅವತ್ತು ಸದ್ದು ಆಮೇಲೆ ಬಂತು" ಎನ್ನುತ್ತಾರೆ ಅಕ್ಕ, ಗಂಡ ಸತ್ತ ದಿನವನ್ನು ನೆನೆದು. "ಮೊದಲು ಬೆಳಕು. ಹಗಲು ಹೊತ್ತು, ಬಿಳಿ ಅಂಗಿ ಇಸ್ತ್ರಿ ಮಾಡ್ತಿದ್ದೆ. ಅಂಗಿ ಮೇಲೆ ನನ್ನ ಕೈದು ಎರಡು ನೆರಳು ಬಿತ್ತು. ಎರಡು ನೆರಳು ಯಾಕೆ ಅಂತ ನೋಡ್ತಾ ನಿಂತಿದ್ದೆ, ಆಗ ಕಿಟಕಿ ಗಾಜು ಬಂತು." ಒಳಗೆ ಏನಾಯಿತೆಂದು ಹೇಳಲು ಒಳಗಿದ್ದ ಇಬ್ಬರಲ್ಲಿ ಯಾರೂ ಉಳಿಯಲಿಲ್ಲ. ಒಬ್ಬರು ಗುಬ್ಬಿಯ ಅಪ್ಪ, ಇನ್ನೊಬ್ಬರು ಅವರ ಸೋದರಮಾವ. ಒಂದೇ ಮನೆಯ ಇಬ್ಬರು ಒಟ್ಟಿಗೆ ಒಳಗೆ ಇರಬಾರದು ಎಂಬ ಕಟ್ಟಳೆ ಹುಟ್ಟಿದ್ದು ಅಲ್ಲಿಂದ ಈಚೆಗೆ.

ಗುಬ್ಬಿ ಕಲಿಯಲು ಹೋಗುತ್ತಿರುವುದು ಅಕ್ಕನಿಗೆ ನಾಲ್ಕೇ ದಿನದಲ್ಲಿ ಗೊತ್ತಾಯಿತು. ಮನೆಯಲ್ಲಿ ಹುಡುಗಿಯೂ ಬಟ್ಟಲನ್ನು ಸದ್ದಿಲ್ಲದೆ ಇಡತೊಡಗಿದ್ದಳು.

"ನೀನು ಒಂದು 'ಇಲ್ಲ' ಅಂದರೆ ಮುಗೀತು" ಎಂದರು ಅಕ್ಕ. "ಕೈ ಕೂತಿಲ್ಲ ಅಂದುಬಿಡು. ನಿನ್ನ ಮಾತನ್ನ ಯಾರು ಪ್ರಶ್ನೆ ಮಾಡ್ತಾರೆ?"

"ಯಾರೂ ಮಾಡಲ್ಲ ಅಕ್ಕ. ಅದಕ್ಕೇ ಕಷ್ಟ."

"ಏನು ಕಷ್ಟ? ಮಾತು ಕೊಟ್ಟಾಗ ಕಷ್ಟ ಇರಲಿಲ್ವಾ?"

ಒಳಗಿನಿಂದ ಗುಬ್ಬಿ ಬಂದಳು. "ನನ್ನ ಕೈ ಬಗ್ಗೆ ನೀವಿಬ್ಬರೇ ಮಾತಾಡ್ಕೋತಿದ್ದೀರಿ. ಕೈ ಇಲ್ಲೇ ಇದೆ, ಅದನ್ನೂ ಕೇಳಿ."

"ನಿಮ್ಮಪ್ಪನ ಕೈಯೂ ಇಲ್ಲೇ ಇತ್ತು" ಎಂದರು ಅಕ್ಕ.

ಚಿಕ್ಕಮ್ಮ ಲೆಕ್ಕ ಹಾಕಿದ್ದು ಬೇರೆ. ಬಡಗಿ ಇದ್ದಾನಲ್ಲ. ಒಳ್ಳೆಯ ಕೆಲಸಗಾರ, ತೂಕದ ಮನುಷ್ಯ, ಮಾತು ಕಡಿಮೆ. ಅವನ ಅಲಗಿನಿಂದ ಏಳುವ ಸುರುಳಿ ಕಾಗದದಷ್ಟು ತೆಳ್ಳಗೆ. ಅವನಿಗೆ "ಕೂತಿದೆ" ಎಂದರೆ ಒಬ್ಬರೇ ಸಾಕು, ಗುಬ್ಬಿಗೆ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ. ಹೀಗೆಂದುಕೊಂಡ ಮೇಲೆ ಅವರು ಬಡಗಿಗೆ ಇನ್ನಷ್ಟು ಮುತುವರ್ಜಿಯಿಂದ ಕಲಿಸಿದರು. ಗುಬ್ಬಿಯ ಕಡೆ ನೋಡುವುದನ್ನೇ ಕಡಿಮೆ ಮಾಡಿದರು. ಹುಡುಗಿಯ ಕೈ ಅಷ್ಟು ಸರಾಗ.

ಕೊನೆಯ ದಿನ. ಸುಳ್ಳು ಹಿಟ್ಟಿನ ಮುಂದೆ ಬಡಗಿ, ಮೂಲೆಯಲ್ಲಿ ಕೊಕ್ಕರೆ, ಬಾಗಿಲಲ್ಲಿ ಮ್ಯಾನೇಜರರು. ಅಲಗು ಹೋಗುತ್ತಿದೆ, ಸುರುಳಿ ಏಳುತ್ತಿದೆ, ಬಕೆಟ್ಟಿಗೆ ಇಳಿಯುತ್ತಿದೆ. ಮುಗಿಯುತ್ತ ಬಂದಿತು. ಅಲಗಿಗೆ ಒಂದು ಚೂರು ಅಂಟಿಕೊಂಡಿತು. ಬಡಗಿಯ ಕೈ ತಾನೇ ತಾನಾಗಿ ಮೇಲೆದ್ದು ಕೊಳವೆಯ ಅಂಚಿಗೆ ಕತ್ತಿಯನ್ನು ಮೆಲ್ಲಗೆ ತಟ್ಟಿತು.

ಟಕ್.

ಮರದ ಹೊಟ್ಟು ಉದುರಿಸಲು ಯಾವ ಬಡಗಿಯೂ ಮಾಡುವ ಕೆಲಸ. ಹದಿನೈದು ವರ್ಷ ದಿನಕ್ಕೆ ನೂರು ಸಲ ಮಾಡಿದ್ದು. ಕಿಡಿ ಹಾರದಿದ್ದರೂ, ಅಲಗಿಗೂ ಉಕ್ಕಿಗೂ ನಡುವೆ ಸಿಕ್ಕ ನಿಜವಾದ ಹಿಟ್ಟಿಗೆ ಅಷ್ಟು ಪೆಟ್ಟೇ ಸಾಕು. ಕೊಕ್ಕರೆ ಕಣ್ಣು ಮುಚ್ಚಿಕೊಂಡ. ಆ ಕೋಣೆಯಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

"ಈಗ ಏನು ಮಾಡಿದೆಯಪ್ಪ?" ಎಂದು ಚಿಕ್ಕಮ್ಮ ಕೇಳಿದರು.

"ಏನಿಲ್ಲ ಚಿಕ್ಕಮ್ಮ. ಕೆತ್ತಿದೆ."

ತಾನು ತಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ. ಹೇಳಿದಾಗ ಕತ್ತಿಯನ್ನು ಕೆಳಗಿಟ್ಟು ತನ್ನ ಕೈಯನ್ನೇ ನೋಡಿಕೊಂಡ. "ಇನ್ನೊಂದು ಸಲ ನೋಡಿ, ಮಾಡಲ್ಲ" ಎಂದ. ಇನ್ನೊಂದು ಸಲ ಮಾಡಲಿಲ್ಲ. ಮತ್ತೊಂದು ಸಲವೂ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಮೈ ಮರೆತು ಕೆತ್ತುತ್ತಿದ್ದಾಗ, ಮತ್ತೆ ಟಕ್.

ಮ್ಯಾನೇಜರರು ಚಿಕ್ಕಮ್ಮನನ್ನು ಹೊರಗೆ ಕರೆದರು. "ನಾಳೆ ಹೆಸರು ಕೊಡಬೇಕು. ನೀವು ಇಬ್ಬರನ್ನೂ ಬೇಡ ಅಂದರೆ ಮೇಲಿನವರು ನನ್ನ ಕೇಳಲ್ಲ. ಗಡುವು ಅವರ ಕುತ್ತಿಗೆ ಮೇಲಿದೆ. 'ಸುರುಳಿ ತೆಳ್ಳಗಿದೆಯಲ್ಲ, ಆ ಬಡಗೀನ ಕಳಿಸಿ' ಅಂತಾರೆ. ನಾನು ತಡೀತೀನಿ, ಒಂದು ದಿನ, ಎರಡು ದಿನ. ಆಮೇಲೆ ನನ್ನ ಜಾಗದಲ್ಲಿ ತಡೆಯದೆ ಇರೋನು ಬರ್ತಾನೆ." ಅವರು ಜೇಬಿನ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡರು. "ನೀವು ಏನು ಹೇಳಿದರೂ ನಾನು ಅದನ್ನೇ ಬರೀತೀನಿ, ಚಿಕ್ಕಮ್ಮ. ಯಾಕೆ ಅಂತ ಕೇಳಲ್ಲ. ಹುಡುಗಿ ಯಾರು ಅಂತ ನನಗೆ ಗೊತ್ತು."

ಗೇಟಿನ ಹತ್ತಿರ ಬಡಗಿಯ ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಗುಬ್ಬಿಯ ಕೈ ಕೂತಿಲ್ಲ ಎಂದರೆ ಒಳಗೆ ಹೋಗುವವನು ಈ ಮಗುವಿನ ಅಪ್ಪ. ಅವನ ಹಿಂದೆ ನೋಡುತ್ತಾ ನಿಲ್ಲುವವನು ಕೊಕ್ಕರೆ. ಇವತ್ತಲ್ಲ ನಾಳೆ, ಮೈ ಮರೆತ ಒಂದು ಗಳಿಗೆಯಲ್ಲಿ, ಟಕ್. ಇನ್ನೊಂದು ಕಿಟಕಿಯ ಪಕ್ಕ ಇನ್ನೊಬ್ಬಳು ಎರಡು ನೆರಳು ನೋಡುತ್ತಾ ನಿಲ್ಲುತ್ತಾಳೆ.

"ಸುಳ್ಳು ಹೇಳೋಕೆ ಬಾಯಿ ತೆರೆದಿದ್ದೆ" ಎನ್ನುತ್ತಾರೆ ಚಿಕ್ಕಮ್ಮ. "ದೇವರಾಣೆಗೂ ತೆರೆದಿದ್ದೆ. ಆ ಮಗು ನನ್ನ ಕಡೆ ನೋಡಿ ಆಕಳಿಸಿತು."

ಅವರು ಹೇಳಿದ್ದು ಇಷ್ಟು: "ಹುಡುಗಿ ಕೈ ಕೂತಿದೆ ಸಾರ್. ಬಡಗಿ ಕೈ ಕೂತಿಲ್ಲ. ಅವನ ಕಣ್ಣು ಚೆನ್ನಾಗಿದೆ, ನೋಡೋ ಕೆಲಸಕ್ಕೆ ಹಾಕಿ, ನನ್ನ ಜೊತೆ ಬರಲಿ. ಕೊಕ್ಕರೇನ ಹುಡುಗಿ ಜೊತೆ ಕಳಿಸಿ."

ಇಷ್ಟು ವರ್ಷ ತಮ್ಮ ಬೆನ್ನು ಕಾದ ಕಣ್ಣನ್ನು ಅವರು ಬಿಟ್ಟುಕೊಟ್ಟಿದ್ದರು. ಕೊಕ್ಕರೆ ಅದನ್ನು ಕೇಳಿ, "ನನ್ನ ಸೋಡಚೀಟಿ ಕೊಟ್ಟುಬಿಟ್ಟೆಯಲ್ಲೇ" ಎಂದು ನಗಿಸಲು ನೋಡಿದ.

ಅಕ್ಕನಿಗೆ ತಂಗಿಯೇ ಹೇಳಿದರು. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿ ಬದಿಗಿಟ್ಟರು. "ನಾಳೆ ನಾನೂ ಬರ್ತೀನಿ" ಎಂದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಆ ಗೇಟಿನ ತನಕ ಹೋದವರಲ್ಲ.

ಮರುದಿನ ಬೆಳಗ್ಗೆ ಚಿಕ್ಕಮ್ಮನ ಸರದಿ ಅಲ್ಲ, ಅವರದು ಮಧ್ಯಾಹ್ನ. ಗುಬ್ಬಿಯ ತಲೆಗೆ ಒದ್ದೆ ಬಟ್ಟೆ ಕಟ್ಟಿದವರು ಅವರೇ. ಲಾಡಿಯ ಗಂಟನ್ನು ಎರಡು ಸಲ ಎಳೆದು ನೋಡಿದರು. "ಹೊಟ್ಟೆಯಲ್ಲಿ ಮರಿ ಎದ್ದಿದೆಯೇನೇ?" ಎಂದು ಕೇಳಿದರು. "ಒಂದಲ್ಲ, ಐದಾರಿವೆ" ಎಂದಳು ಗುಬ್ಬಿ. "ಹಾಗಾದರೆ ಹೋಗು." ಹುಡುಗಿ ತಗಡಿಗೆ ಅಂಗೈ ಊರಿದಳು. ಕೊಕ್ಕರೆ ಮುಂದೆ, ಅವಳು ಹಿಂದೆ. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಗೇಟಿನ ಹೊರಗೆ ಸಿಮೆಂಟಿನ ಕಟ್ಟೆಯ ಮೇಲೆ ಅಕ್ಕ ತಂಗಿ ಕೂತಿದ್ದಾರೆ. ಚಿಕ್ಕಮ್ಮನ ಕೈ, ಇಷ್ಟು ವರ್ಷ ಒಳಗೆ ಒಮ್ಮೆಯೂ ಅಲುಗದ ಕೈ, ಮಡಿಲಲ್ಲಿ ಸೆರಗಿನ ತುದಿಯನ್ನು ಸುತ್ತುತ್ತಿದೆ, ಬಿಚ್ಚುತ್ತಿದೆ, ಮತ್ತೆ ಸುತ್ತುತ್ತಿದೆ.

"ದಿನಾ ಹೀಗೇ ಇರುತ್ತಾ ಅಕ್ಕ, ಹೊರಗೆ?"

"ದಿನಾ."

"ನನಗೆ ಗೊತ್ತೇ ಇರಲಿಲ್ಲ."

"ನೀನು ಒಳಗಿದ್ದೆಯಲ್ಲ. ಒಳಗಿರೋರಿಗೆ ಕೆಲಸ ಇರುತ್ತೆ."

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಚಿಕ್ಕಮ್ಮನ ಉತ್ತರ ಸಿದ್ಧವಿದೆ. "ಚಂದ್ರನ ಮೇಲೆ ಗಣಿ ಮಾಡಲಿ, ಮನೆ ಕಟ್ಟಲಿ, ಬೇಡ ಅನ್ನೋಕೆ ನಾನ್ಯಾರು? ನಾವು ಕೆತ್ತಿದ್ದು ಮೇಲೆ ಹೋಗುವಾಗ ನನಗೂ ಎದೆ ಉಬ್ಬುತ್ತೆ. ಆ ಮಿಷನ್ ಒಂದು ತರಿಸಲಿ. ನನ್ನ ಕೆಲಸ ಹೋದರೆ ಹೋಗಲಿ, ಅಕ್ಕನ ಜೊತೆ ಇಸ್ತ್ರಿ ಮಾಡ್ತೀನಿ."

ಬಿಸಿಲು ಏರಿದ ಮೇಲೆ ಗುಬ್ಬಿ ಹೊರಗೆ ಬರುತ್ತಾಳೆ. ಬೆವರಿನಲ್ಲಿ ತೊಯ್ದಿದ್ದಾಳೆ, ನಗುತ್ತಿದ್ದಾಳೆ. ಅಕ್ಕ ಮಗಳ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ನಾಳೆ ಅವಳು ಮತ್ತೆ ಒಳಗೆ ಹೋಗಬೇಕು, ನಾಳಿದ್ದೂ. ಯಂತ್ರದ ಸುದ್ದಿ ಇಲ್ಲ.

ಚಿಕ್ಕಮ್ಮ ಅಕ್ಕನಿಗೆ ಕೊಟ್ಟಿದ್ದ ಮಾತು ಮುರಿದರು.